ಮಡಿ ಬಾಟಲಿ, ಮುಸುರೆ ಬಾಟಲಿ: ಹಂಪ್ಟಾ ಪಾಸ್ ದಾಟಿದ ಐದು ದಿನ

ಹೊರಡುವ ಮುಂಚೆ

ಹೋದ ವರ್ಷ ಹರ್ ಕಿ ದೂನ್ ಟ್ರೆಕ್ ಮುಗಿಸಿ ಬೆಂಗಳೂರಿಗೆ ಬಂದು ಹತ್ತು ದಿನವಾಗಿತ್ತು. ಇದ್ದಕ್ಕಿದ್ದಂತೆ ಕೊಳೆತ ಮೊಟ್ಟೆ ವಾಸನೆಯ ತೇಗು ಶುರುವಾಯಿತು. ಆಫೀಸ್ ಮೀಟಿಂಗ್‌ನಲ್ಲಿ ಕರ್ಚೀಫು ಹಿಡಿದುಕೊಂಡೇ ಕೂತಿದ್ದೆ. ಆಮೇಲೆ ಹೊಟ್ಟೆಯ ಕಥೆ ಬೇರೆ. ಡಾಕ್ಟರು ಕೇಳಿದ ಮೊದಲ ಪ್ರಶ್ನೆಯೇ "ಎಲ್ಲಾದರೂ ಹಳ್ಳದ ನೀರು ಕುಡಿದ್ರಾ?" ಎಂದು. ಕುಡಿದಿದ್ದೆ. ಕನ್ನಡಿ ಥರ ಇದ್ದ ನೀರು, ಬೊಗಸೆಯಲ್ಲಿ ಎತ್ತಿ ಕುಡಿದಿದ್ದೆ.

ಅದು ಜಿಯಾರ್ಡಿಯಾ, ಕೊಳೆ ನೀರಿನಿಂದ ಕರುಳಿಗೆ ಸೇರುವ ಕಣ್ಣಿಗೆ ಕಾಣದ ಪರೋಪಜೀವಿ. ಹೊಟ್ಟೆಗೆ ಹೋಗಿ ಒಂದೆರಡು ವಾರ ಸುಮ್ಮನಿದ್ದು, ಆಮೇಲೆ ಕಾಟ ಕೊಡುತ್ತದೆ. ಅಷ್ಟರಲ್ಲಿ ನಾವು ಊರಿಗೆ ಬಂದು ಯಾವುದೋ ಹೋಟೆಲಿನ ಸಾಂಬಾರಿಗೆ ಬೈಯುತ್ತಿರುತ್ತೇವೆ.

ಹಾಗಾಗಿ ಈ ಸಲ ಸೆಪ್ಟೆಂಬರ್‌ನಲ್ಲಿ ಹಿಮಾಚಲದ ಹಂಪ್ಟಾ ಪಾಸ್‌ಗೆ ಹೋಗೋಣ ಎಂದು ಅಕ್ಕ, ಭಾವ ಹೊರಟಾಗ, ನೀರಿನ ಫಿಲ್ಟರ್ ಇಲ್ಲದೆ ನಾನು ಬರುವುದಿಲ್ಲ ಎಂದೆ. ಭಾವ ದಾವಣಗೆರೆಯವರು. "ಹರಿಯೋ ನೀರಿಗೆ ಎಂಥ ದೋಷ ಕಣಪ್ಪಾ" ಎಂದು ನಕ್ಕರು.

ಫಿಲ್ಟರ್ ಹುಡುಕುವುದೇ ಒಂದು ವಾರದ ಕೆಲಸವಾಯಿತು. ಸ್ಟ್ರಾ ಥರದ್ದು ಅಗ್ಗ, ಹಗುರ. ಆದರೆ ಹಳ್ಳದ ಪಕ್ಕ ಬೋರಲು ಮಲಗಿ ಹೀರಬೇಕು. ಅದರಿಂದ ಅಕ್ಕನಿಗೆ ಒಂದು ಲೋಟ ನೀರು ಕೊಡಲು ಆಗುವುದಿಲ್ಲ, ಅಡುಗೆಗೂ ಆಗುವುದಿಲ್ಲ. ಪಂಪ್ ಇರುವುದು ಭಾರ. ನೇರಳಾತೀತ ಬೆಳಕಿನ ಪೆನ್ನು ನೋಡಲು ಚೆಂದ. ವೈರಸ್ಸನ್ನೂ ಹೊಡೆಯುತ್ತದೆ. ಆದರೆ ಕದಡಿದ ನೀರಿನಲ್ಲಿ ಬೆಳಕು ಒಳಗೆ ಇಳಿಯುವುದಿಲ್ಲ, ಚಳಿಗೆ ಬ್ಯಾಟರಿ ಬೇಗ ಮಲಗುತ್ತದೆ. ಕೊನೆಗೆ ಹಿಂಡುವ ಫಿಲ್ಟರ್ ತೆಗೆದುಕೊಂಡೆ. ಚೀಲಕ್ಕೆ ಹಳ್ಳದ ನೀರು ತುಂಬಿ, ಬಾಯಿಗೆ ಫಿಲ್ಟರ್ ತಿರುಗಿಸಿ ಹಿಂಡಿದರೆ ಆ ಕಡೆಯಿಂದ ಕುಡಿಯುವ ನೀರು. ಅಂಗೈಯಲ್ಲಿ ಹಿಡಿಯುವಷ್ಟೇ ಗಾತ್ರ, ನೂರು ಗ್ರಾಮಿನೊಳಗೆ ತೂಕ.

ಒಳಗೇನಿದೆ ಅಂದರೆ, ಬಿಳಿ ಶಾವಿಗೆಯಂಥ ಎಳೆಗಳ ಒಂದು ಕಂತೆ. ಪ್ರತಿ ಎಳೆಯೂ ಒಳಗೆ ಟೊಳ್ಳು. ಅದರ ಗೋಡೆಯ ತುಂಬ 0.1 ಮೈಕ್ರಾನ್ ತೂತುಗಳು (ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು). ನಮ್ಮ ತಲೆಗೂದಲಿನ ದಪ್ಪ ಸುಮಾರು 70 ಮೈಕ್ರಾನ್ ಅಂದರೆ ಲೆಕ್ಕ ಹಾಕಿಕೊಳ್ಳಿ. ಜಿಯಾರ್ಡಿಯಾ ಹತ್ತು ಮೈಕ್ರಾನ್ ಆಸುಪಾಸು, ಬ್ಯಾಕ್ಟೀರಿಯಾ ಅರ್ಧದಿಂದ ಎರಡು ಮೈಕ್ರಾನ್. ಎರಡೂ ಒಳಗೆ ನುಗ್ಗುವುದಿಲ್ಲ. ಡಯಾಲಿಸಿಸ್ ಯಂತ್ರದಲ್ಲಿ ರಕ್ತ ಸೋಸುವುದೂ ಇಂಥದೇ ಟೊಳ್ಳು ಎಳೆಗಳು. ಒಂದು ಕಾಲದಲ್ಲಿ ನಮ್ಮ ಮನೆಗಳಲ್ಲಿದ್ದ ಸ್ಟೀಲ್ ಡ್ರಮ್ಮಿನ ಕ್ಯಾಂಡಲ್ ಫಿಲ್ಟರ್ ನೆನಪಿದೆಯಲ್ಲ, ಭಾನುವಾರ ಬ್ರಷ್ ಹಾಕಿ ಉಜ್ಜುತ್ತಿದ್ದದ್ದು? ಇದು ಅದರ ಮೊಮ್ಮಗ.

ವೈರಸ್ ಮಾತ್ರ ಇದಕ್ಕೆ ಸಿಗುವುದಿಲ್ಲ. ಹೆಪಟೈಟಿಸ್ ಎ ವೈರಸ್ 0.03 ಮೈಕ್ರಾನ್ ಆಸುಪಾಸು, ಸಲೀಸಾಗಿ ದಾಟುತ್ತದೆ. ನೀರಿನಲ್ಲಿ ಕರಗಿದ ಗೊಬ್ಬರ, ಕೀಟನಾಶಕವೂ ಅಷ್ಟೇ. ನಮ್ಮ ಕಡೆ ಕಾಫಿ ತೋಟದ ಕೆಳಗೆ ಹರಿಯುವ ತೊರೆಗೆ ಇದನ್ನು ನಂಬಿಕೊಂಡು ಹೋಗಬೇಡಿ. ವೈರಸ್ಸಿಗೆಂದು ಕ್ಲೋರಿನ್ ಮಾತ್ರೆಯ ಒಂದು ಪಟ್ಟಿ ಬ್ಯಾಗಿಗೆ ಹಾಕಿಕೊಂಡೆ. ಭಾರ ಅನ್ನುವಂಥದ್ದೇನಲ್ಲ.

ಹೊಸ ಫಿಲ್ಟರನ್ನು ಮನೆಯ ಬೋರ್‌ವೆಲ್ ನೀರಿನಲ್ಲಿ ಪರೀಕ್ಷೆ ಮಾಡಿ, ಹಾಗೇ ಡಬ್ಬಿಯಲ್ಲಿಟ್ಟು ಮರೆತೆ. ಎರಡು ತಿಂಗಳ ಮೇಲೆ ತೆಗೆದರೆ ಕಲ್ಲಾಗಿ ಕೂತಿದೆ, ಹನಿ ನೀರು ಬಿಡುತ್ತಿಲ್ಲ. ನಮ್ಮ ಗೀಸರ್ ಕಾಯಿಲಿಗೆ, ಬಚ್ಚಲ ನಲ್ಲಿಗೆ ಹಿಡಿಯುವ ಅದೇ ಬಿಳಿ ಕರೆ. ವಿನೆಗರ್‌ನಲ್ಲಿ ಅರ್ಧ ಗಂಟೆ ನೆನೆಸಿ, ಬಿಸಿನೀರಲ್ಲಿ ತೊಳೆದ ಮೇಲೆ ಸರಿಹೋಯಿತು.

ಮೊದಲನೇ ದಿನ: ಮನಾಲಿ, ಜೋಬ್ರಾ, ಚಿಕಾ

ದೆಹಲಿಯಿಂದ ರಾತ್ರಿ ಬಸ್ಸು, ಮನಾಲಿಯಲ್ಲಿ ಒಂದು ದಿನ ವಿಶ್ರಾಂತಿ. ಅಲ್ಲೇ ಒಬ್ಬ ಗೈಡ್ ಹುಡುಗ, ಸಾಮಾನು ಹೊರಲು ಎರಡು ಹೇಸರಗತ್ತೆ ಗೊತ್ತು ಮಾಡಿದ್ದಾಯಿತು.

ಪ್ರಿನಿ ಹಳ್ಳಿಯಿಂದ ಹಾವಿನಂತೆ ಸುತ್ತುವ ರಸ್ತೆ ಹತ್ತಿ ಜೀಪು ಜೋಬ್ರಾದಲ್ಲಿ ಇಳಿಸಿತು. ಅಲ್ಲಿಂದ ಚಿಕಾಗೆ ನಡಿಗೆ ಸಲೀಸು. ಪೈನ್, ಮೇಪಲ್ ಮರಗಳ ನಡುವೆ ದಾರಿ, ಪಕ್ಕದಲ್ಲೇ ರಾಣಿ ನಾಲಾ. ಮಲೆನಾಡಿನ ಹಳ್ಳದ ಹಾಗೆ ಜುಳುಜುಳು ಅಲ್ಲ, ಒಂದೇ ಸಮನೆ ಮೊರೆತ.

ಚಿಕಾದಲ್ಲಿ ಟೆಂಟ್ ಹಾಕಿದ ಮೇಲೆ ನೀರಿನ ಕೆಲಸಕ್ಕೆ ಕೂತೆ. ಫಿಲ್ಟರ್ ಜೊತೆ ಬಂದ ಚೀಲಕ್ಕೆ ನಿಂತ ನೀರು ತುಂಬುವುದು ಕಷ್ಟ. ಮುಳುಗಿಸಿದರೆ ಅಪ್ಪಚ್ಚಿಯಾಗಿ ಅಂಟಿಕೊಂಡು ಬಿಡುತ್ತದೆ. ಹಳೇ ಬಾಟಲಿಯ ತಳ ಕತ್ತರಿಸಿ ಲೋಟದ ಹಾಗೆ ಮಾಡಿಕೊಂಡು ಹೋಗಿದ್ದೆ, ಅದರಲ್ಲಿ ಎತ್ತಿ ಸುರಿದೆ. ಹೆಚ್ಚುವರಿಗೆ ಒಂದು ಖಾಲಿ ಕೋಲಾ ಬಾಟಲಿಯೂ ಇತ್ತು. ಮನೆಯಲ್ಲೇ ನೋಡಿದ್ದೆ, ನನ್ನ ಹತ್ತಿರವಿದ್ದ ನೀರಿನ ಬಾಟಲಿಗಳ ಬಾಯಿಗೆ ಫಿಲ್ಟರ್ ಕೂರಲಿಲ್ಲ. ಕೋಲಾ ಬಾಟಲಿಗೆ ಅಳತೆ ತೆಗೆದು ಮಾಡಿದ ಹಾಗೆ ಕೂತಿತು. ಫಿಲ್ಟರ್ ಕೊಳ್ಳುವವರು ಇದೊಂದನ್ನು ಮನೆಯಲ್ಲೇ ತಿರುಗಿಸಿ ನೋಡಿಕೊಳ್ಳಿ.

ಮೊದಲ ಬಾಟಲಿ ತುಂಬಿಸಿ ಅಕ್ಕನಿಗೆ ಕೊಟ್ಟೆ. ಅವಳು ನನ್ನ ಕೈಯನ್ನೇ ನೋಡುತ್ತಿದ್ದಳು.

"ಲೋ, ಹಳ್ಳದ ನೀರಿನ ಒದ್ದೆ ಕೈಯಲ್ಲೇ ಈ ಬಾಟಲಿ ಮುಚ್ಚಳ ಹಾಕಿದೆಯಲ್ಲೋ! ಸೋಸಿದ್ದು ಯಾವ ಚಂದಕ್ಕೆ?"

ಸರಿಯಾಗಿ ಹಿಡಿದಳು. ಈ ಫಿಲ್ಟರ್ ಇಟ್ಟುಕೊಂಡೂ ಹೊಟ್ಟೆ ಕೆಡಿಸಿಕೊಳ್ಳುವ ದಾರಿಯೇ ಇದು. ಚೀಲದ ಬಾಯಿಂದ ಜಾರಿದ ಒಂದು ಹನಿ ಫಿಲ್ಟರಿನ ಹೊರಮೈ ಮೇಲೆ ಇಳಿದು ಸೋಸಿದ ನೀರಿಗೇ ಬೀಳುತ್ತದೆ. ನಮ್ಮಜ್ಜಿಯ ಅಡುಗೆಮನೆಯಲ್ಲಿ ಮಡಿ ನೀರಿನ ಕೊಡ ಒಂದು ಮೂಲೆ, ಮುಸುರೆ ಪಾತ್ರೆ ಇನ್ನೊಂದು ಮೂಲೆ. ಮುಸುರೆ ಕೈಯಲ್ಲಿ ಕೊಡ ಮುಟ್ಟಿದರೆ ಮುಗಿಯಿತು. ಅಕ್ಕ ಅದೇ ಶಾಸನವನ್ನು ಚಿಕಾದಲ್ಲಿ ಜಾರಿಗೆ ತಂದಳು. ಕೋಲಾ ಬಾಟಲಿಗೆ, ಚೀಲಕ್ಕೆ ಕೆಂಪು ಟೇಪು ಸುತ್ತಿ "ಮುಸುರೆ" ಎಂದಳು. ಕುಡಿಯುವ ಬಾಟಲಿಗಳು "ಮಡಿ". ಮಡಿ ಬಾಟಲಿ ಮುಟ್ಟುವ ಮೊದಲು ಕೈ ಒರೆಸಿ ಸ್ಯಾನಿಟೈಸರ್ ಹಾಕಬೇಕು. ಅಜ್ಜಿಯ ಮಡಿಯನ್ನು ನಾವು ಎಷ್ಟು ಆಡಿಕೊಂಡಿದ್ದೆವೋ! ಅದರಲ್ಲಿ ಕೆಲವು ಸಂಗತಿ ನನಗೆ ಈಗಲೂ ಒಪ್ಪಿಗೆಯಿಲ್ಲ, ಆದರೆ ಈ ಎರಡು ಮೂಲೆಯ ಲೆಕ್ಕ ಪಕ್ಕಾ.

ಎರಡನೇ ದಿನ: ಚಿಕಾ, ಬಾಲೂ ಕಾ ಘೇರಾ

ಬೆಳಗ್ಗೆ ಹೊರಟ ಅರ್ಧ ಗಂಟೆಗೆ ಕುರಿ ಮಂದೆ ಎದುರಾಯಿತು. ಮುನ್ನೂರೋ ನಾನೂರೋ. ಜೊತೆಗೆ ಆಡುಗಳು, ಕರಡಿಯಷ್ಟು ದೊಡ್ಡ ಎರಡು ನಾಯಿ, ಹಿಂದೆ ಉಣ್ಣೆ ಕೋಟಿನ ಗದ್ದಿ ಕುರುಬರು. ಬೇಸಿಗೆಯಲ್ಲಿ ಮೇಲೆ ಹುಲ್ಲುಗಾವಲಿಗೆ ಹೋದವರು ಚಳಿಗಾಲ ಬರುವ ಮುಂಚೆ ಕೆಳಗೆ ಇಳಿಯುತ್ತಾರೆ. ಮಂದೆ ಹಳ್ಳ ದಾಟಿತು. ದಾಟುತ್ತಾ ಮಾಡುವುದನ್ನೆಲ್ಲ ಮಾಡಿತು. ಭಾವ ನಿಂತು ನೋಡಿದರು. ನಾನು ಏನೂ ಹೇಳಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಅವರೇ "ನಿನ್ನೆ ನಾವು ನೀರು ತಗೊಂಡಿದ್ದು ಇದರ ಕೆಳಗಡೆ ಅಲ್ವಾ?" ಎಂದು ಕೇಳಿದರು. ಅವತ್ತಿನಿಂದ ಹರಿಯೋ ನೀರಿನ ಗಾದೆ ನಿಂತಿತು.

ಮರಗಳು ಕಮ್ಮಿಯಾಗುತ್ತಾ ಬಂದು ಬಂಡೆ, ಹುಲ್ಲು ಮಾತ್ರ ಉಳಿದವು. ಬಾಲೂ ಕಾ ಘೇರಾ 3,600 ಮೀಟರ್ ಆಸುಪಾಸಿನ ಎತ್ತರದಲ್ಲಿದೆ. ಹೆಸರಿನಲ್ಲೇ ಮರಳಿದೆ. ತೊರೆ ಹರಡಿಕೊಂಡು ಮರಳಿನ ಬಯಲಾಗಿದೆ. ನಾವು ಮುಟ್ಟಿದ್ದು ಮಧ್ಯಾಹ್ನ ಮೂರರ ಹೊತ್ತಿಗೆ, ನೀರು ನೋಡಿದರೆ ಸಿಮೆಂಟ್ ಕಲಸಿದ ಬಣ್ಣ.

ಹಿಮನದಿ ತನ್ನ ಕೆಳಗಿನ ಬಂಡೆಯನ್ನು ಅರೆದು ಅರೆದು ಮಾಡಿದ ಹಿಟ್ಟು ಅದು. ಹಿಟ್ಟು ಅಂದರೆ ನಿಜವಾಗಿಯೂ ಹಿಟ್ಟು. ಬೆರಳಲ್ಲಿ ಉಜ್ಜಿದರೆ ಮೈದಾ ಹಾಗೆ ಜಾರುತ್ತದೆ. ಕೊಚ್ಚೆಯಲ್ಲ, ಬರೀ ಕಲ್ಲು. ಆದರೆ ಫಿಲ್ಟರಿಗೆ ಇದೇ ಯಮ. ನಾನು ಸುಸ್ತಿನಲ್ಲಿ ನೇರವಾಗಿ ತುಂಬಿಸಿ ಹಿಂಡಿದೆ. ಮೊದಲ ಲೀಟರ್ ಬಂತು. ಎರಡನೆಯದಕ್ಕೆ ದಾರ ಸಣ್ಣಗಾಯಿತು. ಮೂರನೆಯದಕ್ಕೆ ಮಂಡಿಯಲ್ಲಿ ಒತ್ತಿದರೂ ತೊಟ್ಟು ತೊಟ್ಟು. ಸಿರಿಂಜಿನಲ್ಲಿ ಶುದ್ಧ ನೀರು ತುಂಬಿ ಹಿಂದಿನಿಂದ ಜೋರಾಗಿ ತಳ್ಳಿದೆ. ಬೂದು ಬಣ್ಣದ ನೀರು ಚಿಮ್ಮಿತು. ಐದಾರು ಸಲ ಮಾಡಿದ ಮೇಲೆ ಸ್ವಲ್ಪ ಉಸಿರು ಬಂತು. ಆದರೆ ಒಂದು ಬಾಟಲಿ ಸೋಸಲು ಮುಕ್ಕಾಲು ಬಾಟಲಿ ಶುದ್ಧ ನೀರು ತೊಳೆಯಲಿಕ್ಕೇ ಹೋದರೆ ಏನು ಲಾಭ?

ಆಗ ಭಾವ ತಮ್ಮ ಶೇವಿಂಗ್ ಡಬ್ಬಿ ತಂದರು. ಈ ಮನುಷ್ಯ ಹಿಮಾಲಯದಲ್ಲೂ ದಿನಾ ಗಡ್ಡ ಹೆರೆಯುತ್ತಾರೆ, ಬ್ಲೇಡ್ ತಾಗಿದರೆ ಹಚ್ಚಲು ಪಟಿಕದ ತುಂಡು ಇಟ್ಟುಕೊಂಡಿದ್ದಾರೆ.

"ನಮ್ಮೂರ ಕೆರೆ ನೀರು ಕೆಂಪಗೆ ಬಂದಾಗ ನಮ್ಮಮ್ಮ ಕೊಡಕ್ಕೆ ಪಟಿಕ ಆಡಿಸೋರು. ನೋಡೋಣ ತಡಿ."

ತುಂಡಿನ ಹೊರಮೈಯನ್ನು ಚಾಕುವಿನಲ್ಲಿ ಹೆರೆಸಿದೆ (ಶೇವಿಂಗ್ ಸೋಪಿನ ಪರಿಮಳದ ನೀರು ಯಾರಿಗೆ ಬೇಕು?). ಅಡುಗೆಯ ದೊಡ್ಡ ಪಾತ್ರೆಯಲ್ಲಿ ನೀರು ತುಂಬಿ, ಭಾವ ಪಟಿಕ ಹಿಡಿದು ನಾಲ್ಕೈದು ಸುತ್ತು ಆಡಿಸಿ ತೆಗೆದರು. ಹತ್ತು ನಿಮಿಷ ಏನೂ ಆಗಲಿಲ್ಲ. ಆಮೇಲೆ ಬೂದು ನೀರಿನೊಳಗೆ ಸಣ್ಣ ಸಣ್ಣ ಹಿಂಜಿದ ಹತ್ತಿಯಂಥ ಚೂರು ಕಾಣಿಸಿದವು. ಹಿಟ್ಟಿನ ಕಣಗಳು ಒಂದಕ್ಕೊಂದು ಅಂಟಿ ಭಾರವಾಗಿ ಇಳಿಯುತ್ತಿದ್ದವು. ತಣ್ಣೀರಿನಲ್ಲಿ ಇದು ನಿಧಾನ. ಮುಕ್ಕಾಲು ಗಂಟೆಯ ನಂತರ ಪಾತ್ರೆಯ ತಳದಲ್ಲಿ ಬೂದು ಪದರ, ಮೇಲೆ ತಿಳಿ.

ತಿಳಿಯನ್ನು ಅಲುಗಿಸದೆ ಬಸಿದು, ಅಕ್ಕ ತಂದಿದ್ದ ಹಳೇ ಕಾಟನ್ ಸೀರೆಯ ತುಂಡನ್ನು ನಾಲ್ಕು ಮಡಿಕೆ ಮಾಡಿ ಅದರಲ್ಲಿ ಸೋಸಿ, ಆಮೇಲೆ ಫಿಲ್ಟರಿಗೆ. ಈ ಸೀರೆ ತುಂಡನ್ನು ಕಡೆಗಣಿಸಬೇಡಿ. ಬಾಂಗ್ಲಾದೇಶದ ಹಳ್ಳಿಗಳಲ್ಲಿ ಹಳೇ ಸೀರೆಯನ್ನು ಮಡಿಸಿ ನೀರು ಸೋಸಿದ ಮನೆಗಳಲ್ಲಿ ಕಾಲರಾ ಹತ್ತಿರ ಹತ್ತಿರ ಅರ್ಧಕ್ಕೆ ಇಳಿದಿದ್ದನ್ನು ವಿಜ್ಞಾನಿ ರೀಟಾ ಕಾಲ್ವೆಲ್ ತಂಡ 2003ರಲ್ಲಿ ತೋರಿಸಿತ್ತು. ಕಾಲರಾ ಬ್ಯಾಕ್ಟೀರಿಯಾ ಬಟ್ಟೆಯಲ್ಲಿ ನಿಲ್ಲುವಷ್ಟು ದೊಡ್ಡದಲ್ಲ. ಆದರೆ ಅದು ನೀರಿನ ಸಣ್ಣ ಹುಳಗಳ ಮೈಗೆ ಅಂಟಿಕೊಂಡಿರುತ್ತದೆ, ಆ ಹುಳ ಬಟ್ಟೆಯಲ್ಲಿ ನಿಲ್ಲುತ್ತದೆ.

ಗೈಡ್ ಹುಡುಗ ಇದನ್ನೆಲ್ಲ ನೋಡುತ್ತಾ ಬೀಡಿ ಮುಗಿಸಿ, "ಭಾಯಿ ಸಾಬ್, ಬೆಳಗ್ಗೆ ಐದಕ್ಕೆ ಬಂದರೆ ನೀರು ಸಾಫ್ ಇರುತ್ತೆ" ಎಂದ. ಅಯ್ಯೋ ಮಾರಾಯ, ಮೊದಲೇ ಹೇಳಬಾರದಿತ್ತಾ! ಮಾತು ಸತ್ಯ. ಮಧ್ಯಾಹ್ನದ ಬಿಸಿಲಿಗೆ ಹಿಮ ಕರಗಿ ತೊರೆ ಉಬ್ಬಿ ಹಿಟ್ಟು ಹೊತ್ತು ತರುತ್ತದೆ. ರಾತ್ರಿ ಕರಗುವುದು ನಿಂತರೆ ಬೆಳಗಿನ ಹೊತ್ತಿಗೆ ನೀರು ಇಳಿದು ತಿಳಿಯಾಗುತ್ತದೆ.

ಆ ರಾತ್ರಿ ಫಿಲ್ಟರನ್ನು ಜೋರಾಗಿ ಒದರಿ ನೀರು ತೆಗೆದು, ಜಿಪ್ ಕವರಿನಲ್ಲಿ ಹಾಕಿ, ಕಾಲುಚೀಲದೊಳಗೆ ತುರುಕಿ ಸ್ಲೀಪಿಂಗ್ ಬ್ಯಾಗಿನೊಳಗೆ ಇಟ್ಟುಕೊಂಡು ಮಲಗಿದೆ. ಈ ಎಳೆಗಳಲ್ಲಿ ನಿಂತ ನೀರು ಹೆಪ್ಪುಗಟ್ಟಿದರೆ ಹಿಗ್ಗಿ ಎಳೆ ಸೀಳುತ್ತದೆ. ಇದು ನನಗೆ ಗೊತ್ತಿತ್ತು. ಮುಂದಿನ ದಿನದ ಕಥೆ ಓದುವಾಗ ಇದನ್ನು ನೆನಪಿಟ್ಟುಕೊಳ್ಳಿ.

ಮೂರನೇ ದಿನ: ಪಾಸ್, ಶಿಯಾ ಗೋರು

ಬೆಳಗ್ಗೆ ಐದೂವರೆಗೆ ತಿಳಿನೀರು ತುಂಬಿಕೊಂಡು ಹೊರಟೆವು. ಬಂಡೆ, ಬಂಡೆ, ಮತ್ತೆ ಬಂಡೆ. ಮೇಲೆ ನೀರು ಸಿಗುವುದು ಕಮ್ಮಿ, ತಲೆಗೆ ಎರಡು ಲೀಟರ್ ಹೊತ್ತಿದ್ದೆವು. ಪಾಸ್ 4,270 ಮೀಟರ್. ಒಂದು ಕಡೆ ಇಂದ್ರಾಸನ, ದೇವ್ ಟಿಬ್ಬಾ ಶಿಖರಗಳು. ಹಿಂದೆ ತಿರುಗಿದರೆ ಕುಲ್ಲು ಕಡೆಯ ಹಸಿರು, ಮುಂದೆ ಲಾಹೌಲ್ ಕಡೆ ಒಂದು ಕಡ್ಡಿ ಹಸಿರಿಲ್ಲ, ಬರೀ ಕಂದು. ಭಾವ ಅಲ್ಲಿ ಕೂತು ಕಣ್ಣು ಮುಚ್ಚಿಕೊಂಡು ಚಕ್ಕುಲಿ ತಿಂದರು. ನನಗೆ ತಲೆನೋವು ಶುರುವಾಗಿತ್ತು.

ಇಳಿಜಾರು ಕಡಿದು. ಶಿಯಾ ಗೋರು ತಲುಪುವಾಗ ಮಂಡಿ ನಡುಗುತ್ತಿತ್ತು. ಗಾಳಿ ಕಿವಿ ಕೊಯ್ಯುತ್ತಿತ್ತು. ನೀರು ಸೋಸಿ, ಬಿಸಿಬಿಸಿ ಖಿಚಡಿ ತಿಂದು, ಏಳೂವರೆಗೇ ಮಲಗಿಬಿಟ್ಟೆ.

ನಾಲ್ಕನೇ ದಿನ: ಶಿಯಾ ಗೋರು, ಛತ್ರು, ಚಂದ್ರತಾಲ್

ಎದ್ದಾಗ ಟೆಂಟಿನ ಒಳಮೈಗೆ ಮಂಜಿನ ಪುಡಿ. ಬಾಗಿಲ ಬಳಿ ಇಟ್ಟ ಮುಸುರೆ ಬಾಟಲಿ ಕೈಗೆ ತೆಗೆದುಕೊಂಡರೆ ನೀರು ಅಲುಗಲಿಲ್ಲ. ಅದರ ಬಾಯಿಗೆ ಫಿಲ್ಟರ್ ಹಾಗೇ ಇತ್ತು. ರಾತ್ರಿ ತಿರುಗಿಸಿದವನು ಬಿಚ್ಚಿಯೇ ಇರಲಿಲ್ಲ.

ಹೊಟ್ಟೆಯಲ್ಲಿ ಕಲ್ಲು ಹಾಕಿದಂತಾಯಿತು. ಬಿಸಿಲು ಬಂದ ಮೇಲೆ ಕರಗಿತು. ಭಾವ ಬಾಟಲಿ ಹಿಂಡಿ ನೋಡಿದರು. ನೀರು ಸರಾಗವಾಗಿ ಬಂತು, ಮೊನ್ನೆಗಿಂತ ಜೋರಾಗಿ.

"ಏ, ಚೆನ್ನಾಗಿದೆ ನೋಡಪ್ಪಾ! ಇನ್ನೂ ಸಲೀಸಾಗಿ ಬರ್ತಿದೆ."

"ಭಾವ, ಅದಕ್ಕೇ ಭಯ."

ಎಳೆ ಸೀಳಿದ್ದಕ್ಕೆ ಸಲೀಸಾಯಿತೋ, ಸಿರಿಂಜ್ ಹಾಕಿ ತೊಳೆದಿದ್ದಕ್ಕೋ, ಯಾರಿಗೆ ಗೊತ್ತು? ಕಣ್ಣಿಗೆ ಕಾಣುವುದಿಲ್ಲ, ರುಚಿಗೆ ತಿಳಿಯುವುದಿಲ್ಲ. ಬೆಟ್ಟದ ಮೇಲೆ ಪರೀಕ್ಷೆ ಮಾಡುವ ದಾರಿಯೂ ಇಲ್ಲ. ಹೆಪ್ಪುಗಟ್ಟಿದ ಫಿಲ್ಟರ್ ಸತ್ತಿದೆ ಎಂದೇ ತಿಳಿಯಬೇಕು. ನಾಲ್ಕು ಸಾವಿರ ರೂಪಾಯಿ, ಒಂದು ರಾತ್ರಿಯ ಸೋಮಾರಿತನಕ್ಕೆ. ಅಕ್ಕ ಬೈಯಲಿಲ್ಲ, ಸ್ಟವ್ ಹಚ್ಚಿದಳು. ಅದು ಬೈದಿದ್ದಕ್ಕಿಂತ ಜಾಸ್ತಿ.

ಕುದಿಸುವುದಕ್ಕೂ ಅನುಮಾನ ಬಂತು ಅವಳಿಗೆ. "ಇಲ್ಲಿ ಅನ್ನವೇ ಸರಿಯಾಗಿ ಬೇಯಲ್ಲ, ಹುಳ ಸಾಯುತ್ತಾ?" ಒಳ್ಳೆಯ ಪ್ರಶ್ನೆ. ಆ ಎತ್ತರದಲ್ಲಿ ನೀರು ಸುಮಾರು 87 ಡಿಗ್ರಿಗೇ ಕುದಿಯುತ್ತದೆ. ಅನ್ನಕ್ಕೆ ಅದು ಸಾಲದು, ರೋಗಾಣು ಸಾಯಲು ಧಾರಾಳ ಸಾಕು. ಎರಡು ಸಾವಿರ ಮೀಟರ್ ದಾಟಿದ ಮೇಲೆ ಕೊತಕೊತ ಕುದಿ ಬಂದು ಮೂರು ನಿಮಿಷ ಬಿಟ್ಟರೆ ಆಯಿತು. ಗ್ಯಾಸ್ ಡಬ್ಬಿ ಅಲುಗಿಸಿ ನೋಡಿದರೆ ಹಗುರಾಗಿತ್ತು. ಹಾಗಾಗಿ ಬೆಳಗಿನ ಮಟ್ಟಿಗೆ ಕುದಿಸಿದ್ದು, ದಾರಿಗೆ ಕ್ಲೋರಿನ್ ಮಾತ್ರೆ.

ಮಾತ್ರೆಗೆ ಅರ್ಧ ಗಂಟೆ ಕಾಯಿರಿ ಎಂದು ಪಟ್ಟಿಯ ಮೇಲೆ ಬರೆದಿರುತ್ತಾರೆ. ಮಂಜುಗಡ್ಡೆಯಂಥ ನೀರಿಗೆ ಅದು ಸಾಲದು, ನಾವು ಎರಡು ಗಂಟೆ ಬಿಟ್ಟೆವು. ಮುಚ್ಚಳ ಸಡಿಲ ಮಾಡಿ ಬಾಟಲಿ ತಲೆಕೆಳಗು ಮಾಡಿ, ಬಾಯಿಯ ತಿರುಪಿನ ಗೆರೆಗಳಿಗೂ ಮಾತ್ರೆ ನೀರು ತಾಗಿಸಬೇಕು. ಇದನ್ನು ಅಕ್ಕ ಕೇಳದೆಯೇ ಮಾಡಿದಳು. ಕ್ರಿಪ್ಟೊಸ್ಪೊರಿಡಿಯಂ ಎಂಬ ಇನ್ನೊಂದು ಜೀವಿಗೆ ಕ್ಲೋರಿನ್ ಜಗ್ಗುವುದಿಲ್ಲ. ಅದನ್ನು ಹಿಡಿಯುವುದು ಫಿಲ್ಟರ್, ಇಲ್ಲವೇ ಕುದಿ. ಕುರಿಮಂದೆ ನೆನಪಾಗಿ, ದೊಡ್ಡ ತೊರೆ ಬಿಟ್ಟು ಬಂಡೆ ಸಂದಿಯಿಂದ ಬರುತ್ತಿದ್ದ ಸಣ್ಣ ಒರತೆಯ ನೀರನ್ನೇ ಹುಡುಕಿ ತುಂಬಿಕೊಂಡೆವು.

ಬೆಳಗ್ಗೆಯೇ ತೊರೆ ದಾಟಬೇಕಿತ್ತು. ಮೂವರೂ ಕೈ ಕೈ ಹಿಡಿದು ಇಳಿದೆವು. ಹತ್ತು ಹೆಜ್ಜೆಗೆ ಪಾದ ಇದೆಯೋ ಇಲ್ಲವೋ ಗೊತ್ತಾಗಲಿಲ್ಲ. ದಡ ಹತ್ತಿದ ಮೇಲೆ ಅದು ಇದೆ ಎಂದು ಚೆನ್ನಾಗಿಯೇ ಗೊತ್ತಾಯಿತು, ಸಾವಿರ ಸೂಜಿ.

ಛತ್ರುವಿನಲ್ಲಿ ಚಂದ್ರಾ ನದಿ, ಒಂದು ಢಾಬಾ, ರಾಜ್ಮಾ ಚಾವಲ್. ಅಲ್ಲಿಂದ ರಸ್ತೆಯೆಂದು ಕರೆಯುವ ಕಲ್ಲುಗುಡ್ಡೆಯ ಮೇಲೆ ಮೂರು ಗಂಟೆಗೂ ಜಾಸ್ತಿ ಕುಲುಕಿಸಿಕೊಂಡು ಚಂದ್ರತಾಲ್. ಸರೋವರದ ದಡದಲ್ಲಿ ಟೆಂಟ್ ಹಾಕಲು ಬಿಡುವುದಿಲ್ಲ, ಕ್ಯಾಂಪುಗಳೆಲ್ಲ ದೂರ. 2005ರಲ್ಲಿ ರಾಮ್ಸರ್ ಪಟ್ಟಿಗೆ, ಅಂದರೆ ಜಗತ್ತಿನ ಮುಖ್ಯ ಜೌಗುನೆಲಗಳ ಪಟ್ಟಿಗೆ, ಸೇರಿದ ಜಾಗ. ಸಂಜೆ ಹೋದಾಗ ನೀರು ನೀಲಿಯಿಂದ ಹಸಿರಿಗೆ, ಆಮೇಲೆ ಕಪ್ಪಿಗೆ ತಿರುಗಿತು. ಭಾವ ದಡದಲ್ಲಿ ಕೂತು ಬೊಗಸೆ ತುಂಬ ಎತ್ತಿದರು, ಮುಖದವರೆಗೆ ತಂದರು, ಒಮ್ಮೆ ನನ್ನ ಕಡೆ ನೋಡಿ ಮುಖಕ್ಕೆ ಎರಚಿಕೊಂಡರು.

ಐದನೇ ದಿನ: ವಾಪಸ್

ವಿಶೇಷವೇನಿಲ್ಲ. ಅದೇ ಕಲ್ಲುರಸ್ತೆ, ಆಮೇಲೆ ಅಟಲ್ ಸುರಂಗ. ಒಂಬತ್ತು ಕಿಲೋಮೀಟರ್, ಕಂದು ಬೆಟ್ಟದ ಕಡೆ ಹೊಕ್ಕು ಹಸಿರು ಬೆಟ್ಟದ ಕಡೆ ಹೊರಬಿದ್ದೆವು. ಮನಾಲಿ ಲಾಡ್ಜಿನಲ್ಲಿ ನಲ್ಲಿ ತಿರುಗಿಸಿದ ಅಕ್ಕ ಬಾಟಲಿ ಹಿಡಿದು ಒಂದು ಕ್ಷಣ ನಿಂತಳು. ಆಮೇಲೆ ಒಂದು ಮಾತ್ರೆ ಹಾಕಿದಳು. ಊರಿನ ನೀರಿಗೆ, ಜನ ಜಾಸ್ತಿ ಇರುವ ಕಡೆ, ವೈರಸ್ಸಿನ ಭಯ ಬೆಟ್ಟಕ್ಕಿಂತ ಹೆಚ್ಚು.

ಮೂರು ವಾರವಾಯಿತು. ಯಾರಿಗೂ ತೇಗಿಲ್ಲ. ಸತ್ತ ಫಿಲ್ಟರನ್ನು ಭಾವ ದಾವಣಗೆರೆಗೆ ತೆಗೆದುಕೊಂಡು ಹೋಗಿದ್ದರು. ನಿನ್ನೆ ಅದನ್ನು ಗರಗಸದಲ್ಲಿ ಕೊಯ್ದು, ಪೇಪರಿನ ಮೇಲೆ ಎಳೆ ಹರಡಿ, ಮನೆಯ ವಾಟ್ಸಾಪ್ ಗ್ರೂಪಿಗೆ ಫೋಟೋ ಹಾಕಿದ್ದಾರೆ. "ಶಾವಿಗೆ ಎಲ್ಲಾ ನೆಟ್ಟಗೇ ಇದೆಯಲ್ಲಪ್ಪಾ, ಸುಮ್ನೆ ಬಿಸಾಕಿಸಿದೆ." 0.1 ಮೈಕ್ರಾನ್ ಬರಿಗಣ್ಣಿಗೆ ಕಾಣಲ್ಲ ಭಾವ ಎಂದು ಬರೆಯುತ್ತಿದ್ದೆ, ಅಷ್ಟರಲ್ಲಿ ಅಕ್ಕನ ಮೆಸೇಜ್ ಬಂತು: "ಪಟಿಕ ನಿನ್ನ ಬ್ಯಾಗಲ್ಲೇ ಉಳಿದಿದೆಯಂತೆ. ಕಳಿಸಿಕೊಡು, ಮುಖವೆಲ್ಲ ಗೀರಿಕೊಂಡು ಕೂತಿದ್ದಾರೆ."